ಹತ್ತನೇ ಎಲಿ, ಮೂರು ಒಣಾ ದಿನ

ಮಳಿ ಬಂದ್ರ ಸಿಟ್ಟಿಗೇಳೂ ಮನಷ್ಯಾನ್ನ ನೀವು ನೋಡೀರೇನು? ನೋಡಿರಲಿಕ್ಕಿಲ್ಲ. ನೋಡೂ ಹಂಬಲ ಇದ್ರ ಬನಹಟ್ಟಿ ಮಗ್ಗಲದ ಚಿಮ್ಮಡಕ್ಕ ಬರ್ರಿ, ನಮ್ಮ ಮಾಮಾನ್ನ ತೋರಸ್ತೇನಿ! ನಮ್ಮ ಸೀಮಿಯೊಳಗ ಮಳಿ ಅಂದ್ರ ಮನಿಗೆ ಅಳಿಯಾ ಬಂದಂಗ. ನಾಕು ಹನಿ ಬಿದ್ರ ಸಾಕು, ಜಮಖಂಡಿಯಿಂದ ಬೀಳಗಿ ತನಕಾ ಮಂದಿ ಒಲಿ ಮ್ಯಾಲ ಎಣ್ಣಿ ಇಟ್ಟು ಭಜಿ ಕರ್ಯಾಕ ನಿಂದರ್ತಾರ. ನಮ್ಮ ಮಾಮಾ ಮಾತ್ರ ಅಂಗಳಕ್ಕ ಬಂದು, ನಡದ ಮ್ಯಾಲ ಕೈ ಇಟಗೊಂಡು, ಮ್ಯಾಲ ನೋಡಿ ಮೋಡಕ್ಕ ಬೈತಾನ. "ನಿನ್ನೆರ ಬರಬಾರದಿತ್ತೇನು? ನಾಳಿಗರ ಬರಬಾರದಿತ್ತೇನು? ಇವತ್ತ ನಿನಗೇನ ಧಾಡಿ ಆಗಿತ್ತು?"

ಬೈದು ಮುಗಿದ ಮ್ಯಾಲ ಮಾಮಾ ಒಳಗ ಬಂದು, ಕ್ಯಾಲೆಂಡರಿನ್ಯಾಗ ಆವತ್ತಿನ ತಾರೀಖಿನ ಮ್ಯಾಲ ಒಂದು ಕಾಟು ಹೊಡದು, ಗೋಡಿ ಕಡೆ ಮಾರಿ ಮಾಡಿ ಕುಂದರ್ತಾನ.

ಯಾಕ ಇಷ್ಟ ಸಿಟ್ಟು? ಅಂಗಳದಾಗ ಶಾಂಡಿಗಿ ಒಣಹಾಕಿದ್ನೇನು? ಇಲ್ಲ. ರಾಶಿ ಬಯಲಾಗ ಬಿದ್ದಿತ್ತೇನು? ಅದೂ ಇಲ್ಲ. ಮಾಮಾನ ತ್ವಾಟದಾಗ ಚಿಕ್ಕು ಗಿಡಾ ಅದಾವ. ಆ ಗಿಡದ ಎಲಿ ಹರದು ಪರೀಕ್ಷಾಕ ಕಳಸಬೇಕು. ಗಿಡದ ಹೊಟ್ಟ್ಯಾಗ ಯಾವ ಸತ್ವ ಎಷ್ಟ ಐತಿ, ಯಾವದು ಕಮ್ಮಿ ಬಿದ್ದೈತಿ ಅಂತ ಎಲಿ ನೋಡಿ ಹೇಳ್ತಾರ. ಆದ್ರ ಮಳಿ ಬಿದ್ದ ಕೂಡ್ಲೆ ಹರದ ಎಲಿ ಖರೆ ಹೇಳೂದಿಲ್ಲ! ಇದು ನಮ್ಮ ಮಾಮಾನ ದುಃಖ. ಜಗತ್ತಿನ್ಯಾಗ ಏನೇನೋ ದುಃಖ ಅದಾವ, ನಮ್ಮ ಮನಿತನದ ಪಾಲಿಗೆ ಇದು ಬಂದೈತಿ.

ಮಾಮಾ ಹುಟ್ಟಾ ರೈತ ಅಲ್ಲ. ಬನಹಟ್ಟಿಯೊಳಗ ಮಗ್ಗದ ಸಪ್ಪಳದಾಗ ಹುಟ್ಟಿ, ಮಗ್ಗದ ಸಪ್ಪಳದಾಗ ಬೆಳದು, ಅದರಾಗ ಮದಿವಿ ಮಾಡಿಕೊಂಡಾಂವ. ನೂಲಿನ ಎಳಿ ಎರಡ ಬೆರಳಿನ್ಯಾಗ ಹಿಡದು ತಿಕ್ಕಿದ್ರ ಸಾಕು, ಅದು ಎಂಥಾ ನೂಲು, ಯಾವ ಹವಾದಾಗ ಒಣಗೇತಿ ಅಂತ ಹೇಳಾಂವ. ಮಗ್ಗದ ನಡಕ ಮಾತಾಡಿ ಮಾತಾಡಿ ಅವನ ದನಿ ಎಂಥಾದ್ದಾಗೇತಿ ಅಂದ್ರ, ಚಿಮ್ಮಡದಿಂದ ನನಗ ಮುಧೋಳಕ್ಕ ಫೋನ್ ಮಾಡಿದ್ರ, "ಫೋನ್ ಯಾಕ ಖರ್ಚು ಮಾಡತಾರ, ಕಿಡಕಿ ತಗದ್ರ ಸಾಕಲ್ರಿ" ಅಂತಾರ ನಮ್ಮ ಮನ್ಯಾವ್ರು.

ಅಂಥಾ ಮಾಮಾ ಮಗ್ಗಾ ಬಿಟ್ಟು ಗಿಡದ ಕಡೆ ಬಂದದ್ದು ಅವನ ಹೆಣತಿ, ನಮ್ಮ ಅತ್ತಿ ಸಲವಾಗಿ. ಅತ್ತಿ ವಯಸ್ಸೆಲ್ಲಾ ಮಗ್ಗದ ಮನ್ಯಾಗ ನೂಲು ಸುತ್ತಿದಾಕಿ. ಹತ್ತಿ ಧೂಳಿ ಆಕಿ ಎದಿಯೊಳಗ ಹೋಗಿ ಬಾಡಗಿ ಇಲ್ಲದ ಕುಂತಬಿಡ್ತು. ಎರಡ ಮಾತ ಆಡಬೇಕಂದ್ರ ಮೂರ ಸಲಾ ಕೆಮ್ಮೂದು. ಡಾಕ್ಟರ್ ಹೇಳಿದ್ರು, "ಗುಳಿಗಿ ನಾ ಕೊಡ್ತೇನಿ, ಹವಾ ನೀವ ಕೊಡ್ರಿ. ಈ ಧೂಳ್ಯಾಗಿಂದ ಮದಲ ಹೊರಗ ಕರಕೊಂಡ ಹೋಗ್ರಿ." ಮರುದಿನಾನ ಮಾಮಾ ಮಗ್ಗದ ಕೀಲಿಕೈ ತಮ್ಮನ ಕೈಯ್ಯಾಗ ಇಟ್ಟು, ಹಿರ್‍ಯಾರು ಹಚ್ಚಿದ್ದ ಚಿಮ್ಮಡದ ಚಿಕ್ಕು ತ್ವಾಟದಾಗ ಎರಡು ಖೋಲಿ ಎಬ್ಬಿಸಿ, ಅತ್ತಿನ್ನ ಕರಕೊಂಡು ಬಂದ. ನಲವತ್ತು ಗಿಡಾ, ದಟ್ಟ ನೆಳ್ಳು. ಆರ ತಿಂಗಳದಾಗ ಅತ್ತಿ ಒಂದ ಉಸಿರಿನ್ಯಾಗ ಮಾಮಾಗ ಬೈಯ್ಯೂವಷ್ಟು ಸುಧಾರಿಸಿದ್ಳು.

"ಆಕಿ ಬೈಗುಳಾ ಎಷ್ಟ ಉದ್ದ ಆಗತಾವೋ ನನಗ ಅಷ್ಟ ಸಮಾಧಾನ" ಅಂತ ಮಾಮಾ ಎಲ್ಲಾರ ಮುಂದ ಹೇಳಿಕೋತ ಅಡ್ಡಾಡತಾನ. ಇಂಥಾ ಗಂಡ ಯಾರಿಗೆ ಸಿಗ್ತಾನ ಹೇಳ್ರಿ!

ಈಗ ಸಣ್ಣಮಾಮಾನ ಸುದ್ದಿ. ಮಾಮಾನ ತಮ್ಮ, ಬನಹಟ್ಟ್ಯಾಗ ಮಗ್ಗಾ ನೋಡಿಕೊಳ್ಳಾಂವ. ತ್ವಾಟಾ ಇಬ್ಬರ ಹೆಸರಿನ್ಯಾಗೂ ಐತಿ. ಆ ಕಡೆ ಹಿಪ್ಪರಗಿ ತನಕಾ ಎಲ್ಲಿ ನೋಡಿದ್ರೂ ಕಬ್ಬು, ನಟ್ಟ ನಡಕ ನಮ್ಮವು ಗಿಡಾ. ಮಂದಿ ಸಣ್ಣಮಾಮಾಗ ಸುಮ್ನ ಬಿಡ್ತಾರೇನು? "ಏನ್ರಿ ಸಾವ್ಕಾರ, ಗೋಲಿ ಗಾತ್ರದ ಚಿಕ್ಕು ಬೆಳ್ಯಾಕ ಇಷ್ಟ ಛಲೋ ಹೊಲಾ ಇಟ್ಟೀರಲ್ಲ!" ಖರೆ ಹೇಳಬೇಕಂದ್ರ ಆ ಹಣ್ಣು ಗೋಲಿಗಿಂತ ಭಾಳ ದೊಡ್ಡವೇನೂ ಇರಲಿಲ್ಲ. ಸಣ್ಣಮಾಮಾ ಒಂದ ಹಟಾ ಹಿಡದ, ಗಿಡಾ ಕಿತ್ತಿ ಕಬ್ಬು ಹಚ್ಚೂನು. ಕಬ್ಬು ಬಂದ್ರ ಅದರ ಹಿಂದ ರವದಿ, ಅಂದ್ರ ಕಬ್ಬಿನ ಒಣಾ ಗರಿ, ಸುಡೂದು ಬರತೈತಿ, ಹೊಗಿ ಬರತೈತಿ. ಅಂದ್ರ ಅತ್ತಿ ಮತ್ತ ಬನಹಟ್ಟಿ ಧೂಳಿಗೆ ಹೋಗಬೇಕು.

"ಮ್ಯಾಲಿನ ಖೋಲಿ ಕೊಡ್ತೇನಿ, ಕಿಡಕಿ ಹಾಕ್ಕೊಂಡು ಕುಂಡ್ರಲಿ" ಅಂದ ಸಣ್ಣಮಾಮಾ.

"ಕಿಡಕಿ ಹಾಕ್ಕೊಂಡು ಕುಂಡ್ರಾಕ ಆಕಿ ಏನ ಉಪ್ಪಿನಕಾಯೇನಲೇ!" ಅಂತ ಮಾಮಾ ಗುಡುಗಿದ.

ಆವಾಗ ಯಾರೋ ಒಬ್ರು ಎಲಿ ಪರೀಕ್ಷಾ ಮಾಡಸ್ರಿ, ಗಿಡಕ್ಕ ಏನ ಕಮ್ಮಿ ಐತಿ ಗೊತ್ತಾಗತೈತಿ, ಅದನ್ನ ಹಾಕಿದ್ರ ಕಾಯಿ ದೊಡ್ಡವಾಗತಾವ ಅಂದ್ರು. ಸಣ್ಣಮಾಮಾನೂ ಒಪ್ಪಿದ. ಗಿಡದಾಗ ಜೀವಾ ಐತಿ ಅಂತ ಕಾಗದಾ ಹೇಳಿದ್ರ ಇರ್ಲಿ, ಇಲ್ಲಂದ್ರ ಜೆಸಿಬಿ. ಮಾಮಾ ಖುಷಿಲೆ ಎಲಿ ಹರದ. ಆದ್ರ ಪರೀಕ್ಷಾ ಮಾಡೂ ಊರು ದೂರ. ಬಸ್ಸಿನ್ಯಾಗ ಎಲಿ ಮುದುಡ್ಯಾವು, ಹರದಾವು ಅಂತ ಅವಗ ಚಿಂತಿ ಹತ್ತಿತು. ನೇಕಾರ ಮನಷ್ಯಾ! ಎಳಿ ಹರೀಬಾರದಂದ್ರ ನೇಕಾರ ಏನ ಮಾಡ್ತಾನ? ಗಂಜಿ ಹಾಕ್ತಾನ. ಮಾಮಾ ಎಲ್ಲಾ ಎಲಿ ಗಂಜ್ಯಾಗ ಅದ್ದಿ, ಬಿದರಿನ ಗಳಾ ಕಟ್ಟಿ ಒಣಗಿಸಿ, ಒತ್ತಿ ಮಡಚಿ ಕಳಸಿಬಿಟ್ಟ!

ನಾಕನೇ ದಿನಾ ಅಲ್ಲಿಂದ ಪರೀಕ್ಷಾ ಮಾಡೂ ಮೇಡಂ ಫೋನ್ ಮಾಡಿದ್ರು. "ರೀ, ನೀವು ಕಳಿಸಿದ್ದು ಎಲಿನೋ, ಹಪ್ಪಳಾನೋ?"

"ಎಲಿ ರೀ ಮೇಡಂ! ಒಂದರ ಮುದುಡಿತ್ತೇನ ನೋಡ್ರಿ!" ಮಾಮಾಗ ಅಭಿಮಾನ.

ಆದ್ರ ಅಷ್ಟರಾಗ ರಿಪೋರ್ಟ್ ತಯಾರಾಗಿತ್ತು. ಸಾರಜನಕ ಕಮ್ಮಿ, ಪೊಟ್ಯಾಶ್ ಕಮ್ಮಿ, ಸುಣ್ಣ ಕಮ್ಮಿ, ಎಲ್ಲಾ ಕಮ್ಮಿ. ಗಂಜಿ ಒಣಗಿ ಎಲಿ ತೂಕದಾಗ ಕೂಡಿಕೊಂಡಿದ್ದಕ್ಕ ಖರೆ ಎಲಿ ಪಾಲು ಕಮ್ಮಿ ಬಿದ್ದೈತಿ ಅಂತ ಮೇಡಂ ತಿಳಿಸಿ ಹೇಳಿದ್ರು. ಮಾಮಾ ಹಣಿ ಹಣಿ ಬಡಕೊಂಡ. "ಗಂಜಿ ಕುಡದ ನೂಲು ಹೆಚ್ಚ ತೂಗತೈತಿ ಅಂತ ಹುಟ್ಟಾ ಗೊತ್ತಿದ್ದಾಂವ ನಾನು! ನನಗ್ಯಾಕ ಹೊಳೀಲಿಲ್ಲ!" ಸಣ್ಣಮಾಮಾನ ಮುಂದ ಹೋಗಿ ಇದನ್ನ ಹೇಳಿದ್ರ ಅಂವ ನಕ್ಕ. "ಕುಣೀಲಾರದಾಕಿ ನೆಲಾ ಡೊಂಕ ಅಂದ್ಳಂತ, ಹಂಗಾತು ನಿನ್ನ ಮಾತು."

ಆ ಮೇಡಂ ಮಾತ್ರ ಪುಣ್ಯಾತಗಿತ್ತಿ. ಮಾಮಾಗ ಮದಲಿನಿಂದ ಪಾಠಾ ಹೇಳಿದ್ರು. ಚಿಕ್ಕು ಎಲಿ ಹರ್‍ಯಾಕ ಸೆಪ್ಟೆಂಬರ್ ಸರಿ. ಟೊಂಗಿ ತುದಿಯಿಂದ ಎಣಸಿ ಹತ್ತನೇ ಎಲಿ, ಎಲ್ಲಾ ಗಿಡದಿಂದ, ನಾಕೂ ದಿಕ್ಕಿನಿಂದ. ಮುಂಜಾನೆ ಬಿಸಲ ಏರೂದರಾಗ. ಜೋರ ಮಳಿ ಬಿದ್ರ ಎಲಿಯೊಳಗಿನ ಪೊಟ್ಯಾಶ್ ತೊಳದ ಹೋಗತೈತಿ, ಅದಕ್ಕ ಮಳಿ ನಿಂತು ಮೂರು ಒಣಾ ದಿನ ಆಗಿರಬೇಕು. ಹಂಗಂತ ನೆಲಾ ಬಿರಕ ಬಿಟ್ಟಿದ್ರೂ ನಡ್ಯಾಂಗಿಲ್ಲ, ಬೇರು ಏನೂ ಎಳಕೊಳ್ಳೂದಿಲ್ಲ. ಗಾಳಿ ಎದ್ದು ಧೂಳಿ ಕುಂತ್ರ ಎಲಿಯೊಳಗ ಇಲ್ಲದ ಕಬ್ಬಿಣಾ ಕಾಗದದಾಗ ಬಂದು ಕುಂದರತೈತಿ.

ಇದನ್ನೆಲ್ಲಾ ಕೇಳಿ ಮಾಮಾ ಕುಣದಾಡಿಬಿಟ್ಟ. "ಇದು ನೂಲಿನ ಶಾಸ್ತ್ರಾನಽ ಬಿಡ್ರಿ ಮೇಡಂ! ಮಳಿಗಾಲದಾಗ ತೂಗಿದ್ರ ನೂಲು ಒಂದ ತೂಕಾ, ಬ್ಯಾಸಗ್ಯಾಗ ಒಂದ ತೂಕಾ. ಬಿರುಗಾಳಿ ಬಿಟ್ರ ಎಳಿ ಪಟಾಪಟಾ ಹರೀತಾವು. ಹವಾ ನೋಡದ ನೂಲಿಗೆ ಕೈ ಹಚ್ಚಬಾರದು!"

ಹವಾ ಏನ ಮಾಡತೈತಿ ಅಂತ ತಮ್ಮಗ ತೋರಸಾಕ ಮಾಮಾ ಒಂದ ಉಪಾಯಾ ಮಾಡಿದ. ಒಂದ ಗಿಡದ ಎಲಿ ಮಳಿಗೆ ಮದಲ ಹರದು, ಕಾಗದದ ಪಾಕೀಟು ಮಾಡಿ ಒಂದು ಚೀಟ, ದೊಡ್ಡ ಮಳಿ ಆದ ಮರುದಿನಾ ಹರದು ಇನ್ನೊಂದು ಚೀಟ ಕಳಸಿದ. ಎರಡು ರಿಪೋರ್ಟ್ ಬಂದ್ವು, ಮದಲನೇದರಾಗ ಪೊಟ್ಯಾಶ್ ಬರೋಬರಿ, ಎರಡನೇದರಾಗ ಕಮ್ಮಿ. ಎರಡೂ ಕೈಯ್ಯಾಗ ಒಂದೊಂದು ಕಾಗದಾ ಹಿಡಕೊಂಡು ಬನಹಟ್ಟಿಗೆ ಹೋದ. "ನೋಡಲೇ! ಗಿಡಾ ಅದಽ, ಮಣ್ಣು ಅದಽ, ನಡಕ ಒಂದು ಮಳಿ!"

ಸಣ್ಣಮಾಮಾ ಎರಡೂ ಕಾಗದಾ ಓದಿ, ಮಡಚಿ ವಾಪಸ್ ಕೊಟ್ಟು ಅಂದ, "ಒಂದ ಗಿಡಾ ವಾರದಾಗ ಎರಡ ಮಾತ ಆಡತೈತಿ ಅಂದ ಮ್ಯಾಲ, ಅದರ ಮಾತ ನಂಬೂದ್ಯಾಕ?"

ಮಾಮಾ ಮತ್ತ ಮೇಡಂಗ ಫೋನ್ ಹಚ್ಚಿದ. ಕಡೀಕ ಮೇಡಂನ ಮಾತಿಗೆ ಇಬ್ಬರೂ ಒಪ್ಪಿದ್ರು. ಈ ಸೆಪ್ಟೆಂಬರಿನ್ಯಾಗ, ಹೇಳಿದಂಗ, ಮೂರು ಒಣಾ ದಿನ ಆದ ಮ್ಯಾಲ ಒಂದ ಸಲಾ ಪರೀಕ್ಷಾ. ಬಂದದ್ದು ಕಡೀ ಮಾತು. ಸಣ್ಣಮಾಮಾ ಜೆಸಿಬಿ ಅಂವಗ ದಸರಾ ಮುಗದ ಮ್ಯಾಲ ಬಾ ಅಂತ ಹೇಳಿಯೂ ಇಟ್ಟ.

ಆದ್ರ ಸೆಪ್ಟೆಂಬರಿನ್ಯಾಗ ಮೂರು ಒಣಾ ದಿನ! ನಮ್ಮ ಕಡೆ ವರ್ಷೆಲ್ಲಾ ಬಾಯಿ ಬಿಟಗೊಂಡು ಕಾದ್ರೂ ಬಾರದ ಮಳಿ, ಬಂದ್ರ ಹುಬ್ಬಿ, ಉತ್ತರಿ ಅನ್ನೂ ಮಳಿ ನಕ್ಷತ್ರಾ ಹಿಡದು ಆ ತಿಂಗಳದಾಗ ಬರೂದು. ಒಂದ ದಿನಾ ಒಣಗತೈತಿ, ಮಾಮಾ ಕ್ಯಾಲೆಂಡರಿನ್ಯಾಗ ಒಂದ ಚುಕ್ಕಿ ಇಡ್ತಾನ. ಎರಡನೇ ದಿನಾ ಒಣಗತೈತಿ, ಎರಡನೇ ಚುಕ್ಕಿ. ಮೂರನೇ ದಿನಾ ಸಂಜೀಕ ಗುಡುಗು! ಮತ್ತ ಕಾಟು, ಮತ್ತ ಮೋಡಕ್ಕ ಬೈಗುಳಾ.

ಮುಂಜಾನೆ ಆರಕ್ಕ ನನಗ ಫೋನ್. "ಮುಧೋಳದಾಗ ಮೋಡಾ ಯಾವ ಬಣ್ಣದ್ದೈತಿ?"

"ಮಾಮಾ, ನಾ ಇನ್ನಾ ಹಾಸಗ್ಯಾಗ ಅದೇನಿ."

"ಎದ್ದು ನೋಡವಾ! ಸಾಲಿ ಕಲಸಾಕಿ ಆಗಿ ಇಷ್ಟೊತ್ತನಾ ಮಲಗತೀ?"

"ನಾ ಕನ್ನಡಾ ಕಲಸಾಕಿ ಮಾಮಾ, ನನಗ ಮೋಡಾ ಗಾಳಿ ತಿಳಿಯಂಗಿಲ್ಲ."

"ಇರ್ಲಿ ಬಿಡು, ವಿಜ್ಞಾನದ ಮಾಸ್ತರು ನಿನ್ನ ಬಾಜೂಕ ಕುಂದರ್ತಾನಲ್ಲ, ಅವನ್ನ ಕೇಳಿ ಹೇಳು!"

ಕೇಳಸದ ಬಿಡ್ತಾನೇನು? ನಮ್ಮ ಸಾಲಿ ವಿಜ್ಞಾನದ ಮಾಸ್ತರು ನನ್ನ ಕಂಡ್ರ ಗ್ರಂಥಾಲಯದಾಗ ಹೋಗಿ ಅಡಗಾಕ ಹತ್ತಿದ್ರು. ಫೋನಿನ್ಯಾಗ ಹವಾಮಾನ ನೋಡೂದು ಕಲಸಿಕೊಟ್ರ ಕಾಟ ತಪ್ಪತೈತಿ ಅಂತ ಮಾಮಾಗ ಕಲಸಿಕೊಟ್ನಿ. ಅದು ಇನ್ನೊಂದು ಕಾಟ ಆತು. "ನಾಳಿಗೆ ನಲವತ್ತು ಪರ್ಸೆಂಟ್ ಮಳಿ ಅಂತ ತೋರಸಾಕತ್ತೈತಿ. ನಲವತ್ತು ಪರ್ಸೆಂಟ್ ಅಂದ್ರ ನನ್ನ ನಲವತ್ತು ಗಿಡದಾಗ ಹದಿನಾರು ತೋಯಿತಾವೇನು? ಯಾವ ಹದಿನಾರು ಅಂತ ಹೇಳಿದ್ರ ಉಳಿದಾವು ಹರಕೋತೇನಿ!" ಇದಕ್ಕ ಉತ್ತರಾ ನಿಮಗ ಗೊತ್ತಿದ್ರ ನೀವ ಹೇಳ್ರಿ.

ಒಂದಿನಾ ಮಾಮಾ ತಾಳ್ಮಿಗೆಟ್ಟ. ಎರಡು ಚುಕ್ಕಿ ಬಿದ್ದಿದ್ವು, ಮೂರನೇ ದಿನಾ ಮೋಡಾ ಏರಾಕ ಹತ್ತಿತ್ತು. ಟ್ರಂಕಿನ್ಯಾಗ ಮಾರಲಾರದ ಉಳದಿದ್ದ ನಮ್ಮ ಮಗ್ಗದ ಸೀರಿ ಇದ್ವು, ಕೆಂಪು, ಹಸರು, ಹಳದಿ. ಅವನ್ನೆಲ್ಲಾ ತಗದು, ನಿಚ್ಚಣಿಕಿ ಹಚ್ಚಿ, ರಸ್ತಾ ಬಾಜೂ ಇದ್ದ ಐದು ಗಿಡಕ್ಕ ತಲಿ ತುಂಬ ಹೊಚ್ಚಿ, ಸುತ್ತಿ, ನಿರಗಿ ಹಾಕಿ ಕಟ್ಟಿದ! ಐದು ಗಿಡಾ ಐದು ಮುತ್ತೈದ್ಯಾರಾಗಿ ನಿಂತು ಬಿಟ್ವು. ಮಾಮಾ ಸಮಾಧಾನದಿಂದ ಉಂಡು ಮಲಗಿದ.

ಮಧ್ಯಾಹ್ನ ಆ ದಾರಿಲೆ ಹೊಲದ ಕಸಾ ತಗ್ಯಾಕ ಹೊಂಟಿದ್ದ ಹೆಣಮಕ್ಕಳು ಟಂಟಂ ರಿಕ್ಷಾ ನಿಲ್ಲಿಸಿದ್ರಂತ. "ಅವ್ವಾ! ಇಲ್ಲಿ ದ್ಯಾಮವ್ವ ಯಾವಾಗ ಬಂದು ನೆಲಿ ನಿಂತ್ಳು?" ಒಬ್ಬಾಕಿ ಕೈ ಮುಗದ್ಳು, ಒಬ್ಬಾಕಿ ಬುತ್ತಿ ಗಂಟಿನ್ಯಾಗಿನ ಬಾಳಿಹಣ್ಣು ಇಟ್ಟಳು. ಸುದ್ದಿ ಊರಿಗೆ ಮುಟ್ಟಾಕ ಎಷ್ಟೊತ್ತು? ಮಾಮಾ ಎದ್ದು ಹೊರಗ ಬರೂದರಾಗ ಗಿಡದ ಬುಡಕ್ಕ ಕುಪ್ಪಸದ ಖಣಾ, ಕೊಬ್ಬರಿ ಬಟ್ಟಲಾ, ಉಡಿ ಅಕ್ಕಿ, ಊದಿನಕಡ್ಡಿ ಹೊಗಿ! ಒಬ್ಬಾಕಿ ಮುದುಕಿ ಸೀರಿ ಸರಿಸಿ ಒಂದೊಂದು ಎಲಿಗೂ ಅರಿಷಿಣ ಕುಂಕುಮ ಹಚ್ಚಾಕ ಹತ್ತಿದ್ಳು.

"ಏ ಯವ್ವಾ! ಬಿಡ ಬೇ! ನನ್ನ ಹತ್ತನೇ ಎಲಿ ಅದು!" ಮಾಮಾ ಚೀರಿಕೋತ ಓಡಿ ಬಂದ.

ಮುದುಕಿ ತಿರುಗಿ ನೋಡಿ ಶಾಂತದಿಂದ ಅಂದ್ಳು, "ಹತ್ತನೇದಕ್ಕೂ ಹಚ್ಚೇನಿ ಬಿಡಪಾ, ಯಾವದೂ ಬಿಟ್ಟಿಲ್ಲ."

ಅತ್ತಿ ಕಟ್ಟಿ ಮ್ಯಾಲ ಕುಂತು ನಕ್ಕಾಳ ನಕ್ಕಾಳ, ಉಸುರು ಹಿಡದು ಎರಡ ಸಲಾ ಉಸುರಿನ ಔಷಧದ ಪಂಪು ಎಳಕೋಬೇಕಾತು. ಎಳಕೊಂಡು ಮತ್ತ ನಕ್ಕಳು. ಮೇಡಂಗ ಫೋನ್ ಮಾಡಿದ್ರ, ಎಲಿಗೆ ಬಿಸಲು ಬೀಳಬೇಕ್ರಿ, ಮುಚ್ಚಿಟ್ಟ ಎಲಿ ನಮಗ ಬ್ಯಾಡ, ಕುಂಕುಮ ಹಚ್ಚಿದ್ದಂತೂ ಬ್ಯಾಡೇ ಬ್ಯಾಡ ಅಂದ್ರು. ಆ ಸಂಜಿ ಮಳಿನೂ ಬರಲಿಲ್ಲ!

ಹಂಗ ಹಿಂಗ ಸೆಪ್ಟೆಂಬರಿನ ಕಡೀ ವಾರ ಬಂತು. ನಾವೆಲ್ಲಾ ನಕ್ಕೋತ ಇದ್ವಿ, ಆದ್ರ ಮಾಮಾ ನಗೂದು ಬಿಟ್ಟಿದ್ದ. ಗಿಡದಿಂದ ಗಿಡಕ್ಕ ಅಡ್ಡಾಡೂದು, ಎಲಿ ಹಿಡದು ತಿಕ್ಕಿ ನೋಡೂದು. ಉತ್ತರಿ ಮಳಿ ಜಾಗಾ ಖಾಲಿ ಮಾಡ್ತು. ಒಂದು ಚುಕ್ಕಿ, ಎರಡು ಚುಕ್ಕಿ, ಮೂರು ಚುಕ್ಕಿ! ಬುಧವಾರ ಸಂಜೀಕ ಮಾಮಾ ಫೋನ್ ಮಾಡಿದ. "ನಾಳಿ ಮುಂಜಾನೆ ಎಂಟಕ್ಕ ಹರಿತೇನಿ. ನಾಳಿ ಮಧ್ಯಾಹ್ನದ ಮ್ಯಾಲ ಮತ್ತ ಮಳಿ ಹಿಡಿಯೂದು ಐತಂತ. ಇದ ಒಂದ ಮುಂಜಾನೆ ನೋಡವಾ, ಇದನ್ನ ಬಿಟ್ರ ಇಲ್ಲ."

ಗುರುವಾರ ಬೆಳಗಾ ಮುಂಜಾನೆ ಫೋನ್ ಬಂದಾಗ, ಬಂತಪಾ ಮೋಡದ ಬಣ್ಣಾ ಕೇಳಾಕ ಅಂದ್ಕೊಂಡು ಎತ್ತಿದ್ನಿ. ಮಾಮಾ ಸಣ್ಣ ದನೀಲೆ ಅಂದ, "ನಿಮ್ಮ ಅತ್ತಿಗೆ ಉಸುರು ಆಡವಲ್ದು. ಜಮಖಂಡಿಗೆ ಹೊಂಟೇವಿ, ಬಾ."

ನಾ ದವಾಖಾನಿ ಮುಟ್ಟೂದರಾಗ ಅತ್ತಿ ಮಾರಿಗೆ ಮಾಸ್ಕ ಹಾಕಿದ್ರು. ಎದಿ ಏರತಿತ್ತು, ಇಳೀತಿತ್ತು. ಹವಾ ಬದಲಾಗೂ ಹೊತ್ತಿಗೆ ಹಿಂಗ ಆಗತೈತಿ, ನೋಡೂನು ಅಂದ್ರು ಡಾಕ್ಟರ್. ಸಣ್ಣಮಾಮಾ ತನ್ನ ಕಾರಿನ್ಯಾಗ ಕರಕೊಂಡು ಬಂದು ಬಿಟ್ಟು ಹೊಳ್ಳಿ ಹೋಗ್ಯಾನಂತ ಗೊತ್ತಾತು. ನನಗ ಭಾಳ ಸಿಟ್ಟ ಬಂತು. ಒಂದ ದಿನಾ ಮಗ್ಗಾ ನಿಂತ್ರ ಏನ ಮುಳುಗತಿತ್ತು? ಸಣ್ಣ ಹುಡುಗ ಇದ್ದಾಗಿಂದ ಅವಗ ತುತ್ತು ಮಾಡಿ ಉಣಸಿದಾಕಿ ಅತ್ತಿ, ಆಕಿ ಹಿಂಗ ಮಲಗಿದಾಗ ಬಿಟ್ಟು ಹೋಗೂದಂದ್ರ ಎಂಥಾ ಕಲ್ಲ ಮನಸು!

ಮಾಮಾ ಅತ್ತಿ ಕೈ ಹಿಡಕೊಂಡು ಸ್ಟೂಲಿನ ಮ್ಯಾಲ ಕುಂತಿದ್ದ. ಕಿಡಕಿ ಹೊರಗ ನೋಡಿದ್ನಿ. ತೊಳದಿಟ್ಟಂಗ ಬಿಸಲು, ಸುಮ್ನ ನಿಂತ ಗಾಳಿ. ಗಡಿಯಾರದಾಗ ಎಂಟು ಹೊಡದು ಹೋಗಿತ್ತು. ನನಗ ಸುಮ್ನ ಕುಂಡ್ರಾಕ ಆಗಲಿಲ್ಲ.

"ಮಾಮಾ, ಎಲಿ?" ಅಂದ್ನಿ.

ಮಾಮಾ ನನ್ನ ಕಡೆ ನೋಡಿದ. "ಯಾವ ಎಲಿ?" ಅಂದ.

ನಾಟಕ ಅಲ್ಲ. ಖರೇನ ಅವಗ ನೆನಪಿರಲಿಲ್ಲ. ಮತ್ತ ಅತ್ತಿ ಎದಿ ಕಡೆ ನೋಡಿಕೋತ ಒಂದು, ಎರಡು, ಮೂರು ಅಂತ ತುಟಿ ಅಲ್ಲಾಡಿಸಿ ಉಸುರು ಎಣಸಾಕ ಹತ್ತಿದ. 

ಮಧ್ಯಾಹ್ನದ ಹೊತ್ತಿಗೆ ಅತ್ತಿ ಉಸುರು ಹದಕ್ಕ ಬಂತು. ಬರೋಬರಿ ಅವಾಗ ಹೊರಗ ಮಳಿ ಶುರುವಾತು, ಅಂಥಿಂಥಾ ಮಳಿ ಅಲ್ಲ. ಮಾಮಾ ಕಿಡಕಿ ಕಡೆ ತಿರುಗಿಯೂ ನೋಡಲಿಲ್ಲ. ನಾ ಮನಸಿನ್ಯಾಗ ಆ ನಲವತ್ತು ಗಿಡಾ ಒಂದೊಂದಾಗಿ ಬೀಳೂದನ್ನ ಕಂಡ್ನಿ.

ಆಗ ಬಾಗಲದಾಗ ಸಣ್ಣಮಾಮಾ ಬಂದು ನಿಂತ. ತಲಿಯಿಂದ ಕಾಲ ತನಕಾ ತೊಪ್ಪನ ತೋಯ್ದಿದ್ದ. ಕಾರು ಎಲ್ಲೋ ದೂರ ನಿಲ್ಲಿಸಿ ಓಡಿ ಬಂದಿದ್ದ. ಮದಲ ಅತ್ತಿ ಮಾರಿ ನೋಡಿದ, ಆಕಿ ಕಣ್ಣ ತೆರದದ್ದು ನೋಡಿ ದೊಡ್ಡ ಉಸುರು ಬಿಟ್ಟ. ಆಮ್ಯಾಲ ಅಂಗಿ ಗುಂಡಿ ಬಿಚ್ಚಿ ಒಳಗಿಂದ ಒಂದು ಪ್ಲಾಸ್ಟಿಕ್ ಚೀಲಾ, ಅದರಾಗಿಂದ ಎಲಿ ತುಂಬಿದ ಒಂದು ಕಾಗದದ ಚೀಟ ತಗದ. ಅದಕ್ಕ ಒಂದ ಹನಿನೂ ಮುಟ್ಟಿರಲಿಲ್ಲ.

"ಎಂಟಕ್ಕ ಚಾಲೂ ಮಾಡಿದ್ನಿ ಅಣ್ಣಾ. ನಲವತ್ತೂ ಗಿಡಾ, ನಾಕೂ ದಿಕ್ಕು, ತುದಿಯಿಂದ ಎಣಸಿ ಹತ್ತನೇದು. ಮೇಡಂಗ ಎರಡ ಸಲಾ ಫೋನ್ ಮಾಡಿ ಕೇಳೇನಿ. ತೊಳದು, ನೆಳ್ಳಾಗ ಆರಸೇನಿ."

ಚೀಟದ ಮ್ಯಾಲ ಅಂವ ಪೆನ್ನಿಲೆ ಬರದಿದ್ದ: ಮೂರು ದಿನಾ ಮಳಿ ಇಲ್ಲ. ಮುಂಜಾನೆ ಎಂಟು. ಬಿಸಲ ಐತಿ. ಗಾಳಿ ಇಲ್ಲ.

 ಸಣ್ಣಮಾಮಾ ನೆಲಾ ನೋಡಿಕೋತ ಅಂದ, "ಇದು ಏನರ ಹೇಳಲಿ, ಹೇಳದ ಇರಲಿ. ಜೆಸಿಬಿ ಅಂವಗ ಬರಬ್ಯಾಡ ಅಂತ ಫೋನ್ ಮಾಡೇನಿ. ನಸುಕಿನ್ಯಾಗ ಕಾರಿನ್ಯಾಗ ವೈನಿ ಉಸುರು ಎಳಿಯೂದು ನಾ ಕೇಳೇನಣ್ಣಾ. ಗಿಡಾ ಇರಲಿ."

ಮಾಮಾ ಎದ್ದ. ಆ ಚೀಟ ಇಸಗೊಂಡು, ಅದರ ಕಡೆ ನೋಡದ, ಸ್ಟೂಲಿನ ಮ್ಯಾಲ ಇಟ್ಟ. ಹೆಗಲ ಮ್ಯಾಲಿನ ಟಾವೆಲ್ ತಗದು ತಮ್ಮನ ತಲಿ ಮ್ಯಾಲ ಹಾಕಿ ಎರಡೂ ಕೈಲೆ ಗಸಗಸ ಒರಸಾಕ ಹತ್ತಿದ, ಸಣ್ಣ ಹುಡುಗರಿಗೆ ಒರಸಿದಂಗ. "ಇಂಥಾ ಮಳ್ಯಾಗ ಯಾರರ ಬರತಾರೇನಲೇ, ಹುಚ್ಚ!" ಅಂದ. ಐವತ್ತೈದು ದಾಟಿದ ಸಣ್ಣಮಾಮಾ ತಲಿ ಬಗ್ಗಿಸಿ ಸುಮ್ನ ನಿಂತಿದ್ದ. ಅತ್ತಿ ಮಾಸ್ಕ ಸರಿಸಿ, "ಕಿವಿ ಹಿಂದನೂ ಒರಸ್ರಿ, ಅಂವಗ ಲಗೂನ ನೆಗಡಿ ಆಗತೈತಿ" ಅಂದ್ಳು.